ಬೈಕಿನ ಮೇಲೆ ಕೂತು ಹಸು ನೋಡಿದ ವರ್ಷಗಳು

ಇವತ್ತು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ರಂಗೋಲಿ ನನಗೆ ಬರುವುದಿಲ್ಲ, ಅದನ್ನು ಹೆಂಡತಿ ರತ್ನಮ್ಮನಿಗೆ ಬಿಟ್ಟೆ. ಹಾಲು ತಂದೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದೆ. ಸೋರುತ್ತಿದ್ದ ಮಿಕ್ಸಿ ಜಾರಿಗೆ ಪೇಟೆಯಲ್ಲಿ ವಾಷರ್ ಹಾಕಿಸಿಕೊಂಡು ಬಂದೆ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದೆ. ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಮೇಲಕ್ಕೆ ನಡೆಸುವ ವ್ಯಾಯಾಮ ಮಾಡಿದೆ. ಬೈಕಿನ ಹೊದಿಕೆ ತೆಗೆದು, ಒರೆಸಿ, ಮತ್ತೆ ಹೊದಿಸಿದೆ. ಬಾಗಿಲ ಪಕ್ಕದ ಮೊಳೆಯಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೊಳೆಗೇ ಹಾಕಿದೆ.

ಈ ಕೊನೆಯ ಕೆಲಸ ಒಂದು ವಾರದಿಂದ ನಡೆದಿದೆ. ಆದರೆ ಇವತ್ತು ಮುಗಿಸಲೇಬೇಕಾಗಿತ್ತು. ನನ್ನ ಭಾಮೈದ ನಾರಾಯಣಸ್ವಾಮಿ ಸಂಜೆ ಮುಳಬಾಗಿಲಿನಿಂದ ಒಬ್ಬರನ್ನು ಬೈಕು ನೋಡಲು ಕರೆದುಕೊಂಡು ಬರುವವನಿದ್ದ. "ಕೊಡ್ತೀರೋ ಇಲ್ವೋ, ಅವ್ರ ಮುಂದೆ ಒಂದು ಮಾತು ಹೇಳ್ಬಿಡಿ ಭಾವ. ನಿಮ್ಮನ್ನ ನಂಬ್ಕೊಂಡು ಇನ್ನೊಂದ್ ಸಲ ಕರ್ಕೊಂಡ್ ಬರಕ್ಕಾಗಲ್ಲ" ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ. ಶ್ರೀನಿವಾಸಪುರದಲ್ಲಿ ಟೀಚರಾಗಿರುವ ಮಗಳು ಸವಿತ, "ಕೊಟ್ಬಿಡಿ ಅಪ್ಪಾ, ಆಟೋ ಇಲ್ವಾ, ಬಸ್ಸಿಲ್ವಾ" ಎನ್ನುತ್ತಾಳೆ. ನಾನು ಬೈಕಿನಿಂದ ಬಿದ್ದಾಗ ನೋಡಿದ ಮೂಳೆ ಡಾಕ್ಟರು ಮಾತ್ರ, "ಮೂಳೆ ಕೂಡ್ಕೊಂಡಿದೆ, ಓಡಿಸ್ಬಹುದು, ಬಿಡೋದು ನಿಮ್ಮಿಷ್ಟ" ಎಂದು ತಮ್ಮ ಪಾಲಿನ ಭಾರವನ್ನೂ ನನ್ನ ಭುಜದ ಮೇಲೇ ಇಟ್ಟು ಕಳಿಸಿದ್ದರು. ರತ್ನಮ್ಮ ಏನೂ ಹೇಳಿರಲಿಲ್ಲ. ಅದೇ ನನಗೆ ಕಷ್ಟವಾಗಿದ್ದು.

ನಾನು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರದ ಸುತ್ತಮುತ್ತ, ಕೊನೆಗೆ ಮಾಲೂರು. ಹಳ್ಳಿಯವರ ಬಾಯಲ್ಲಿ ಡಾಕ್ಟ್ರು. ನಿಜವಾದ ಡಾಕ್ಟರು ಬೇರೆ ಇರುತ್ತಿದ್ದರು. ನಾವು ಬೈಕಿನಲ್ಲಿ ಊರೂರು ಸುತ್ತಿ, ಬೆದೆಗೆ ಬಂದ ಹಸುಗಳಿಗೆ ಸೂಜಿ ಹಾಕುವವರು, ಅಂದರೆ ಹೋರಿಯಿಲ್ಲದೆ ಗಬ್ಬ ಕಟ್ಟಿಸುವವರು. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಬರಬೇಕಾದಾಗ ಬಂತು, ಮೇಜು ದೊಡ್ಡದಾಯಿತು, ಹಸುಗಳು ಅವೇ ಇದ್ದವು. ನನ್ನ ಜಾಗಕ್ಕೆ ಬಂದಿರುವ ಶಿಲ್ಪಾ ಎಂಬ ಹುಡುಗಿ, "ಸಾರ್, ನೀವು ಮಾತಾಡ್ತಾ ಹೇಳೋದನ್ನೆಲ್ಲ ಬರೆದಿಡಿ, ನಮಗೆ ಟ್ರೈನಿಂಗಲ್ಲಿ ಇದೆಲ್ಲ ಹೇಳಲ್ಲ" ಎಂದು ಮೂರು ನಾಲ್ಕು ಸಲ ಕೇಳಿದಳು. ಅವಳಿಗಾಗಿ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೈಕಿನ ವಿಷಯದಿಂದಲೇ ಶುರು ಮಾಡುವುದು ಸರಿ. ಈ ಕೆಲಸದಲ್ಲಿ ಬೈಕಿಲ್ಲದವನು ಕೈಯಿಲ್ಲದವನ ಹಾಗೆ.

ನಾನು ಬಿದ್ದದ್ದು ಹೀಗೆ. ಸಂಕ್ರಾಂತಿ ಕಳೆದ ವಾರ, ಬೆಳಗಿನ ಹೊತ್ತು, ಲಕ್ಕೂರಿನ ಕಡೆ ಹೊರಟಿದ್ದೆ. ನಿವೃತ್ತನಾದ ಮೇಲೆ ನಾನು ಸೂಜಿ ಮುಟ್ಟುವುದಿಲ್ಲ. ಆದರೆ ಜನ ಕರೆಯುತ್ತಾರೆ. ಬಂದು ನೋಡಿ ಹೋಗಿ ಸಾರ್, ಗಬ್ಬ ನಿಂತಿದೆಯೋ ಇಲ್ಲವೋ ಒಂದು ಮಾತು ಹೇಳಿ ಸಾರ್, ಎನ್ನುತ್ತಾರೆ. ಹೋಗುತ್ತೇನೆ, ನೋಡುತ್ತೇನೆ, ಕಾಫಿ ಕುಡಿದು ಬರುತ್ತೇನೆ. ಅವತ್ತೂ ಹಾಗೇ ಹೊರಟಿದ್ದು. ಬಲಗಡೆಯ ಹೊಲದಲ್ಲಿ ಒಂದು ಸೀಮೆಹಸು ಇನ್ನೊಂದರ ಮೇಲೆ ಹಾರುತ್ತಿತ್ತು. ಕೆಳಗಿನದು, ಕರಿಯದು, ಕಂಬದಂತೆ ಅಲುಗಾಡದೆ ನಿಂತಿತ್ತು. ಹೊಸಬರು ಮೊದಲ ದಿನವೇ ಇದನ್ನು ತಿಳಿಯಬೇಕು: ಹಾರುವ ಹಸುವನ್ನು ನೋಡಿ ಮೋಸ ಹೋಗಬೇಡಿ, ಹಾರಿಸಿಕೊಂಡು ಸುಮ್ಮನೆ ನಿಲ್ಲುವ ಹಸುವೇ ಬೆದೆಯಲ್ಲಿರುವುದು. ಆಹಾ, ಎಂಥ ಒಳ್ಳೆ ಬೆದೆ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಚಕ್ರ ಹುರುಳಿಯ ಮೇಲೆ ಏರಿತ್ತು.

ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಗಿಡ ಎಲ್ಲವನ್ನೂ ತಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಇಟ್ಟಿಗೆ ತುಂಬಿದ ಟ್ರ್ಯಾಕ್ಟರುಗಳು ಹಾದು ಹೋಗಿ ಕಾಳು ಬಿಡಿಸಿಕೊಡುತ್ತವೆ. ಕಣವೂ ಬೇಡ, ರೋಣಗಲ್ಲೂ ಬೇಡ. ಎರಡು ಚಕ್ರದವರು ಮಾತ್ರ ಪಕ್ಕಕ್ಕೆ ಸರಿದು ಮಣ್ಣಿನ ಮೇಲೆ ಹೋಗಬೇಕು. ಹುರುಳಿಕಾಳಿನ ಮೇಲೆ ಟೈರು ನಿಲ್ಲುವುದಿಲ್ಲ. ಇದು ನಮ್ಮೂರ ಕಡೆಯ ನಾಯಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ನಾನು ರಸ್ತೆಯ ಕಡೆ ಇರಲಿಲ್ಲ, ಹಸುವಿನ ಕಡೆ ಇದ್ದೆ.

ಹುರುಳಿಯ ಯಜಮಾನ ಮುನಿವೆಂಕಟಪ್ಪ ಲುಂಗಿ ಎತ್ತಿಕೊಂಡು ಓಡಿ ಬಂದ.

"ಅಯ್ಯಯ್ಯೋ, ಡಾಕ್ಟ್ರು ಸಾರ್! ಏಟಾಯ್ತಾ ಸಾರ್?"

"ಆ ಹಸು ಯಾರ್ದಪ್ಪಾ?" ಎಂದೆ ನಾನು, ಹುರುಳಿಯ ಮೇಲೆ ಮಲಗಿಕೊಂಡೇ.

"ಯಾವ್ ಹಸು ಸಾರ್? ನಿಮ್ ಭುಜ ನೋಡ್ಕೊಳ್ಳಿ, ಕೆಳಕ್ ಇಳ್ದೈತೆ!"

"ಅಗೋ, ಕರೀದು ನಿಂತೈತಲ್ಲ. ಬೆಳಿಗ್ಗೆ ಬೆದೆಗೆ ಬಂದೈತೆ. ಸಾಯಂಕಾಲ ಸೂಜಿ ಹಾಕ್ಸಕ್ ಹೇಳು. ಈಗ್ಲೇ ಆತುರ ಬೇಡ."

"ಅದು ನಂದೇ ಸಾರ್" ಎಂದು ಅವನು ಒಂದು ಕ್ಷಣ ಹಸುವಿನ ಕಡೆ, ಒಂದು ಕ್ಷಣ ನನ್ನ ಕಡೆ ನೋಡಿದ. ಯಾವುದನ್ನು ಮೊದಲು ಹಿಡಿಯಬೇಕೆಂದು ಪಾಪ ಅವನಿಗೆ ತಿಳಿಯಲಿಲ್ಲ.

ಎಡಗಡೆ ಕುತ್ತಿಗೆಯ ಕೆಳಗಿನ ಮೂಳೆ ಮುರಿದಿತ್ತು. ಸಂಜೆ ಶಿಲ್ಪಾ ಹೋಗಿ ಆ ಹಸುವಿಗೆ ಸೂಜಿ ಹಾಕಿದಳು. ಮಾರನೆಯ ದಿನ ಮುನಿವೆಂಕಟಪ್ಪ ಆಸ್ಪತ್ರೆಗೆ ಒಂದು ಚೀಲ ಹುರುಳಿಕಾಳು ಹಿಡಿದು ಬಂದ. "ನಿಮ್ ಗಾಡಿ ಹೋದ್ ಕಡೆ ಚೆನ್ನಾಗ್ ಉದುರ್ಬಿಟ್ಟಿತ್ತು ಸಾರ್" ಎಂದ. ರತ್ನಮ್ಮ ಅವನನ್ನು ಸುಡುವ ಹಾಗೆ ನೋಡಿದಳು. ಆದರೆ ಹುರುಳಿಯನ್ನು ತಿರುಗಿಸಿ ಕಳಿಸಲಿಲ್ಲ. ನಾನು ಮನೆಗೆ ಬಂದ ದಿನ ಅದರದೇ ಬಸ್ಸಾರು ಮಾಡಿದಳು. ಚೆನ್ನಾಗಿತ್ತು.

ಕಂಡವರೆಲ್ಲ, ವಯಸ್ಸಾಯ್ತು, ಕೈ ನಿಲ್ಲಲ್ಲ, ಅದಕ್ಕೇ ಬಿದ್ರಿ, ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕೈ ಚೆನ್ನಾಗಿಯೇ ಇತ್ತು. ನಾನು ಬೈಕಿನಿಂದ ಬಿದ್ದದ್ದಕ್ಕೆ ಕಾರಣ ಹುಡುಕಬೇಕಾದರೆ ಮುಳಬಾಗಿಲಿಗೆ ಹೋಗಬೇಕು, ನಾನು ಕೆಲಸಕ್ಕೆ ಸೇರಿದ ಹೊಸದಕ್ಕೆ.

ಆಗ ಅಲ್ಲಿದ್ದ ಡಾಕ್ಟರು ದೊಡ್ಡ ಆಳು, ದೊಡ್ಡ ಮೀಸೆ, ದೊಡ್ಡ ದನಿ. ಆದರೆ ಬೈಕು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ನನ್ನ ಹಿಂದೆ ಕೂರುತ್ತಿದ್ದರು. ಇಬ್ಬರ ನಡುವೆ ಔಷಧಿಯ ಚೀಲ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದ ಕೂಡಲೇ ಅವರ ಪರೀಕ್ಷೆ ಶುರು.

"ಎಡಗಡೆ ಹುಣಸೆಮರ. ಏನಯ್ಯ ಅದು?"

"ಹಸು ಸಾರ್."

"ಹಸು ಅಂತ ನಮ್ಮಜ್ಜೀನೂ ಹೇಳ್ತಾಳೆ. ಎಷ್ಟನೇ ಸೂಲು? ಗಬ್ಬಾನಾ, ಖಾಲೀನಾ?"

ನಾನು ಬೈಕು ಓಡಿಸುತ್ತಲೇ ನೋಡಬೇಕು, ಓಡಿಸುತ್ತಲೇ ಹೇಳಬೇಕು. ಮೂರನೇ ಸೂಲು ಸಾರ್, ಕೊಂಬಿನ ಬುಡದಲ್ಲಿ ಬಳೆ ಕಾಣ್ತಿದೆ. ಗಬ್ಬ ಸಾರ್, ಬಲಗಡೆ ಹೊಟ್ಟೆ ತುಂಬಿದೆ. ಹಿಂಗಾಲು ಎಳೀತಿದೆ ಸಾರ್, ಗೊರಸಿನಲ್ಲಿ ಕಲ್ಲು. ತಪ್ಪು ಹೇಳಿದರೆ ಬೆನ್ನಿಗೆ ಗುದ್ದು, ಸರಿ ಹೇಳಿದರೂ ಗುದ್ದು, ಆದರೆ ಸ್ವಲ್ಪ ಮೆಲ್ಲಗೆ. ನಡುನಡುವೆ "ಗುಂಡಿ", "ಕುರಿ", "ಬಸ್ ಬರ್ತಿದೆ ಪಕ್ಕಕ್ ತಗೋ" ಎಂದು ಅವರೇ ಹೇಳುತ್ತಿದ್ದರು. "ಹಸು ಬಾಯ್ಬಿಟ್ಟು ಹೇಳಲ್ಲ ಕಣಯ್ಯ, ನಿಂತಿರೋ ರೀತೀಲೇ ಎಲ್ಲಾ ಹೇಳುತ್ತೆ. ನೀನು ಅದರ ಹತ್ರ ಹೋಗೋಷ್ಟ್ರಲ್ಲಿ ಅರ್ಧ ಪರೀಕ್ಷೆ ಮುಗಿದಿರಬೇಕು" ಎನ್ನುವರು. ಒಂದು ವರ್ಷವಾಗುವಷ್ಟರಲ್ಲಿ ಅವರು ಕೇಳುವ ಮೊದಲೇ ಹೇಳುತ್ತಿದ್ದೆ. ಅವರಿಗೆ ವರ್ಗವಾದ ಮೇಲೂ, ಹಿಂದೆ ಯಾರೂ ಇಲ್ಲದಿದ್ದರೂ, ನನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತಿದ್ದೆ. ದಾರಿಯವರು ಏನೋ ಮಂತ್ರ ಹೇಳುತ್ತಿದ್ದಾನೆ ಎಂದುಕೊಂಡಿರಬೇಕು.

ಈಗಿನವರಿಗೆ ಫೋನು ಬರುತ್ತದೆ. ಊರು, ಮನೆ, ಕಿವಿಗೆ ಚುಚ್ಚಿದ ಹಳದಿ ಓಲೆಯ ನಂಬರು ಎಲ್ಲವೂ ಮೊದಲೇ ಗೊತ್ತಿರುತ್ತದೆ. ಆಗ ಫೋನಿರಲಿಲ್ಲ. ನಾವು ವಾರದ ಇಂತಿಂಥ ದಿನ ಇಂತಿಂಥ ದಾರಿ ಎಂದು ಹೋಗುತ್ತಿದ್ದೆವು. ಹಸು ಬೆದೆಗೆ ಬಂದವರು ರಸ್ತೆ ಬದಿಯ ಕಲ್ಲಿಗೋ ಗೇಟಿಗೋ ಒಂದು ಕಂತೆ ಹಸಿರು ಸೊಪ್ಪು ಕಟ್ಟುತ್ತಿದ್ದರು. ಸೊಪ್ಪು ಕಂಡರೆ ಬೈಕು ನಿಲ್ಲಿಸಿ ಒಳಗೆ ಹೋಗಬೇಕು, ಅಷ್ಟೇ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಅಂಚೆಯಷ್ಟೇ ಚೆನ್ನಾಗಿ ನಡೆಯುತ್ತಿತ್ತು. ಹಾಗಾಗಿ ಕಣ್ಣು ಯಾವಾಗಲೂ ರಸ್ತೆಯ ಎರಡು ಬದಿಗೇ.

ಒಂದು ಸಲ ಶ್ರೀನಿವಾಸಪುರದ ಕಡೆ, ಮಾವಿನ ತೋಪುಗಳ ನಡುವಿನ ಒಂದು ಊರಿನಲ್ಲಿ, ಗೇಟಿಗೆ ಧಾರಾಳವಾಗಿ ಸೊಪ್ಪು ಕಟ್ಟಿದ್ದು ಕಂಡಿತು. ಇಷ್ಟು ಕಟ್ಟಿದ್ದಾರೆಂದರೆ ಬಹಳ ಅವಸರವಿರಬೇಕು ಎಂದು ಬೈಕು ನಿಲ್ಲಿಸಿ, ಭುಜದವರೆಗಿನ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡೇ ಒಳಗೆ ಹೋದೆ. ಅಂಗಳದಲ್ಲಿ ಜನ. ನಡುವೆ ಹಸು, ಪಕ್ಕದಲ್ಲಿ ಕರು. ಹಸುವಿನ ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ನನ್ನ ತಲೆಗೆ ಅದು ಹೋಗಲೇ ಇಲ್ಲ. ಬಾಲ ಎತ್ತಿ, "ಬೆದೆಗೆ ಬಂದು ಯಾವಾಗಿಂದ ಕೂಗ್ತಿದೆ?" ಎಂದು ಕೇಳಿಬಿಟ್ಟೆ.

ಪುರೋಹಿತರು ಮಂತ್ರ ನಿಲ್ಲಿಸಿದರು. ಮನೆಯ ಯಜಮಾನಿ ಸೆರಗು ಬಾಯಿಗೆ ಒತ್ತಿಕೊಂಡು, "ಡಾಕ್ಟ್ರೇ, ಇವತ್ತು ಗೃಹಪ್ರವೇಶ. ಹಸೂನ ಒಳಗ್ ಕರ್ಕೊಂಡ್ ಹೋಗಕ್ಕೆ ತಂದಿರೋದು, ಪಕ್ಕದ ಮನೇದು" ಎಂದರು. ಪಕ್ಕದ ಮನೆಯವನು ಮಾತ್ರ ಗುಂಪಿನಿಂದ ಮುಂದೆ ಬಂದು, "ಬಂದಿದ್ ಬಂದಿದೀರಾ, ನೋಡ್ಬಿಡಿ ಸಾರ್, ಕರು ಹಾಕಿ ಮೂರ್ ತಿಂಗ್ಳಾಯ್ತು, ಇನ್ನೂ ಬೆದೆಗೇ ಬಂದಿಲ್ಲ" ಎಂದ. ಅವತ್ತು ಹೋಳಿಗೆ ಊಟ. ಮುಂದೆ ಆ ಊರಿಗೆ ಹೋದಾಗಲೆಲ್ಲ, "ಸಾರ್, ಇವತ್ತು ನಮ್ಮನೇಲಿ ನಾಮಕರಣ, ಗ್ಲೌಸ್ ತಂದಿದೀರಾ?" ಎಂದು ರೇಗಿಸುತ್ತಿದ್ದರು.

ಹೋರಿಯ ವೀರ್ಯ ಕೆಡದಂತೆ ಒಯ್ಯಲು ಮೊದಲು ನಮಗೆ ಕೊಡುತ್ತಿದ್ದದ್ದು ಐಸು ತುಂಬಿದ ಫ್ಲಾಸ್ಕು. ಐಸು ಕರಗುವ ಮೊದಲು ಊರು ಮುಟ್ಟಬೇಕು, ಹಾಗಾಗಿ ಎಲ್ಲರೂ ಬೈಕನ್ನು ಕುದುರೆಯಂತೆ ಓಡಿಸುತ್ತಿದ್ದೆವು. ಆಮೇಲೆ ದ್ರವ ಸಾರಜನಕದ ಕ್ಯಾನು ಬಂತು. ಅದರೊಳಗಿನ ಚಳಿ ಬೆರಳು ತಗುಲಿಸಿದರೆ ಸುಟ್ಟಂತಾಗುವ ಚಳಿ. ಕ್ಯಾನನ್ನು ಸೈಕಲ್ ಟ್ಯೂಬಿನಿಂದ ಸೀಟಿಗೆ ಬಿಗಿಯುತ್ತಿದ್ದೆವು. ಒಂದು ದಿನ ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಹತ್ತಿರದ ಊರಿನಲ್ಲಿ, ದಾರಿಯ ಕುಲುಕಾಟಕ್ಕೆ ಕ್ಯಾನು ವಾಲಿ, ಮುಚ್ಚಳ ಸಡಿಲವಾಗಿ, ಹಿಂದೆ ಬೆಳ್ಳಗೆ ಹೊಗೆ ಹೊಗೆ. ನಾನು ಎಡಬಲ ನೋಡಿಕೊಂಡು ಹೋಗುತ್ತಿದ್ದೇನೆ, ಹಿಂದಿನದು ಗೊತ್ತೇ ಇಲ್ಲ. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸೊಬ್ಬಳು, "ಬಂಡಿಕಿ ನಿಪ್ಪು ಅಂಟ್ಕುಂದಿ ರಾ!" ಎಂದು, ಗಾಡಿಗೆ ಬೆಂಕಿ ಹತ್ತಿತೆಂದು ತೆಲುಗಿನಲ್ಲಿ ಕೂಗಿ, ತನ್ನ ಬಿಂದಿಗೆಯನ್ನು ಪೂರಾ ನನ್ನ ಬೈಕಿನ ಮೇಲೆ ಸುರಿದಳು. ಆ ಚಳಿಗೆ ನೀರು ಬಿದ್ದರೆ ಹೊಗೆ ಇನ್ನೂ ಏಳುತ್ತದೆ. ಹೊಗೆ ಎದ್ದಷ್ಟೂ ಬಿಂದಿಗೆಗಳು ಬಂದವು. "ಬೆಂಕಿಯಲ್ಲಮ್ಮಾ, ಚಳಿ, ಚಳಿ!" ಎಂದು ನಾನು ಕೂಗಿದರೆ, "ಪಾಪ, ಚಳಿ ಹತ್ತಿದೆ ಇವ್ರಿಗೆ" ಎಂದು ಒಬ್ಬಾಕೆ ಕಂಬಳಿ ತರಲು ಮನೆಗೆ ಓಡಿದಳು. ಒದ್ದೆ ಪ್ಯಾಂಟಿನಲ್ಲೇ ಆಸ್ಪತ್ರೆಗೆ ಹಿಂತಿರುಗಿದೆ. ಅಂದಿನಿಂದ ಟ್ಯೂಬನ್ನು ಎರಡು ಸುತ್ತು ಬಿಗಿದೆ. ಹೊಸಬರು ಮೊದಲ ದಿನದಿಂದಲೇ ಹಾಗೆ ಬಿಗಿಯಿರಿ.

ಇಷ್ಟು ವರ್ಷ ಇಷ್ಟು ಕಲ್ಲು ಮಣ್ಣಿನಲ್ಲಿ ಓಡಿಸಿ ದೊಡ್ಡದಾಗಿ ಬೀಳದವನು, ಸಮತಟ್ಟು ರಸ್ತೆಯಲ್ಲಿ ಒಂದು ಸಲ ಬಿದ್ದಿದ್ದಕ್ಕೆ ಬಿಡಬೇಕೇ? ಬಿಟ್ಟರೆ ಮಾಡುವುದೇನು? ನಾನು ಹೋಗುವ ಹಳ್ಳಿಗಳಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಆಟೋ ಮಾಡಿಕೊಂಡು ಒಂದು ಹಸು ನೋಡಲು ಹೋಗುತ್ತಾರೆಯೇ ಯಾರಾದರೂ? ಕರೆಯುವವರು ಎರಡು ಸಲ ಕರೆದಾರು, ಮೂರನೆಯ ಸಲ ಪಾಪ ಅವರಿಗೆ ಬರೋಕಾಗಲ್ಲ ಬಿಡು ಎಂದು ಸುಮ್ಮನಾದಾರು. ಆಮೇಲೆ ನನಗೆ ಹುಣಸೆಹಣ್ಣು, ಕರಿಬೇವಿನ ಗಿಡ, ಟಿವಿ. ಇದನ್ನು ನೆನೆಸಿಕೊಂಡರೆ ಹುರುಳಿಯ ಮೇಲೆ ಬಿದ್ದಾಗ ಆಗದ ಹೆದರಿಕೆ ಆಗುತ್ತಿತ್ತು.

ಅದಕ್ಕೇ ಇವತ್ತು ಮಧ್ಯಾಹ್ನ ಊಟವಾದ ಮೇಲೆ, ಒಂದು ಸಲ ಓಡಿಸಿ ನೋಡಿಯೇ ತೀರ್ಮಾನ ಮಾಡೋಣ ಎಂದು ಕೀ ತೆಗೆದುಕೊಂಡೆ.

"ಒಂದ್ ಸುತ್ತು ಹೋಗ್ಬರ್ತೀನಿ" ಎಂದೆ.

ರತ್ನಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆಯೆತ್ತಿ, "ಹೆಲ್ಮೆಟ್ ಒಳಗಡೆ ಜೇಡ ಗೂಡು ಕಟ್ಟಿರ್ಬೇಕು, ಕೊಡವಿ ಹಾಕ್ಕೊಳ್ಳಿ" ಎಂದಳು. ಅಷ್ಟೇ.

ಬೈಕು ಮೊದಲ ಒದೆಗೇ ಹಿಡಿಯಿತು. ಪೇಟೆಯ ಕಡೆ ಹೋಗದೆ, ಕೆರೆಕಟ್ಟೆಯ ಮೇಲೆ ಹಾದು, ಇಟ್ಟಿಗೆ ಗೂಡುಗಳ ಕಡೆಗೆ ಹೋಗಿ ಬಂದೆ. ಏನು ಹೇಳಲಿ! ಕ್ಲಚ್ಚು ಹಿಡಿಯುವ ಕೈ ನೋಯಲಿಲ್ಲ. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದೆ, ನಡುಗಲಿಲ್ಲ. ಬೇಕೆಂದೇ ನಿಧಾನವಾಗಿ ತಿರುಗಿಸಿದೆ, ಕಾಲು ಊರಲಿಲ್ಲ. ಮುಖಕ್ಕೆ ಗಾಳಿ ಹೊಡೆಯುತ್ತಿದ್ದರೆ, ಭಾಮೈದನಿಗೆ ಏನು ಹೇಳಬೇಕೆಂಬ ಮಾತುಗಳೆಲ್ಲ ಸಾಲಾಗಿ ತಯಾರಾದವು. ಮನೆ ಮುಂದೆ ಸ್ಟ್ಯಾಂಡು ಹಾಕುವಾಗ ಹದಿನೆಂಟರ ಹುಡುಗನ ಹಾಗಿದ್ದೆ.

"ಕೈಗೆ ಏನೇನೂ ಆಗಿಲ್ಲ ಕಣೇ! ಬೆಣ್ಣೆ ತರ ಹೋಗುತ್ತೆ ಗಾಡಿ."

"ಒಳ್ಳೇದಾಯ್ತು. ಏನ್ ಸಮಾಚಾರ ಆ ಕಡೆ?"

"ಕೆರೆ ಅಂಗಳದಲ್ಲಿ ಒಂದು ಎಮ್ಮೆ ಇದೆ, ನಾಳೆ ನಾಡಿದ್ದರಲ್ಲಿ ಕರು ಹಾಕುತ್ತೆ. ಗೂಡಿನ ಪಕ್ಕದ ಮನೇಲಿ ಹೊಸ ಹಸು ತಂದಿದಾರೆ, ಒಳ್ಳೆ ತಳಿ, ಆದ್ರೆ ಮುಂದಿನ ಎಡಗೊರಸು ಬೆಳೆದುಬಿಟ್ಟಿದೆ, ಕತ್ತರಿಸ್ಬೇಕು. ನಮ್ಮ ಪಿಳ್ಳಪ್ಪನ ಕಡಸು ಸೊರಗಿದೆ, ಜಂತುಹುಳಕ್ಕೆ ಔಷಧಿ ಹಾಕಿಲ್ಲ ಅವನು..."

ಅವಳು ತಲೆಯಾಡಿಸುತ್ತಾ ಕೇಳಿದಳು. ಆಮೇಲೆ, "ಕಟ್ಟೆ ಮೇಲೆ ಪೈಪ್ ಹಾಕಕ್ಕೆ ರಸ್ತೆ ಅಡ್ಡಕ್ಕೆ ಅಗೆದಿದ್ರಲ್ಲ, ಮುಚ್ಚಿದ್ರಾ? ನಾಳೆ ಆ ಕಡೆ ಆಟೋ ಹೋಗುತ್ತೋ ಇಲ್ವೋ ಅಂತ" ಎಂದಳು. ಅವಳು ಸುಮ್ಮನೆ ಕೇಳಿದ್ದು. ಅದರಲ್ಲಿ ಯಾವ ಕೊಕ್ಕೆಯೂ ಇರಲಿಲ್ಲ.

ಅಗೆದ ರಸ್ತೆಯನ್ನು ನಾನು ನೋಡಿರಲಿಲ್ಲ. ಮುಚ್ಚಿದ್ದನ್ನೂ ನೋಡಿರಲಿಲ್ಲ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಆ ಕಟ್ಟೆಯ ಮೇಲೇ ಬಂದಿದ್ದೆ.

"ನೋಡ್ಕೊಂಡ್ ಬರ್ತೀನಿ ಇರು" ಎಂದು ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋದೆ.

ಕಟ್ಟೆಯ ಮೇಲೆ ಕಾಲುವೆಯಂತೆ ಅಡ್ಡಕ್ಕೆ ತೋಡಿದ್ದರು. ಒಂದು ಪಕ್ಕ ಮುಚ್ಚಿ, ಬೈಕು ಹೋಗುವಷ್ಟು ಜಾಗ ಬಿಟ್ಟಿದ್ದರು. ಈ ಕಡೆ ಮಣ್ಣಿನ ಗುಡ್ಡೆ, ಕೋಲಿಗೆ ಕೆಂಪು ಬಟ್ಟೆ. ಬಿಟ್ಟ ಜಾಗದ ಹಸಿಮಣ್ಣಿನಲ್ಲಿ ನನ್ನ ಬೈಕಿನ ಟೈರಿನ ಗುರುತು, ಹೋಗಿದ್ದೊಂದು, ಬಂದಿದ್ದೊಂದು. ಬಂದ ಗುರುತು ಹಳ್ಳದ ಅಂಚಿನಿಂದ ಒಂದು ಗೇಣು ದೂರದಲ್ಲಿತ್ತು.

ಪೈಪಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಕೆಲಸದವನು ನನ್ನನ್ನು ಗುರುತು ಹಿಡಿದ. "ಏನ್ ಸಾರ್, ಆಗ್ಲೇ ಬೈಕಲ್ಲಿ ಹೋದೋರು ನೀವೇ ತಾನೆ? ಎಷ್ಟ್ ಕೂಗಿದ್ವಿ! ಕೆರೆ ಕಡೆ ಮುಖ ಮಾಡ್ಕೊಂಡ್ ಹೋಗೇಬಿಟ್ರಿ. ಏನೋ ಕಳ್ಕೊಂಡಿದೀರಾ ಅಂದ್ಕೊಂಡೆ."

"ಇಲ್ಲಪ್ಪ, ಎಮ್ಮೆ ನೋಡ್ತಿದ್ದೆ" ಎಂದೆ.

"ನಿಮ್ದಾ ಸಾರ್?"

"ಯಾರ್ದೋ."

ಅವನು ಬೀಡಿ ಆರಿಸಿ ನನ್ನನ್ನು ಇನ್ನೊಂದು ಸಲ ನೋಡಿದ.

ಮನೆಗೆ ಬಂದು ಜಗಲಿಯ ಮೇಲೆ ಕೂತು ನಡೆದದ್ದನ್ನು ಇದ್ದ ಹಾಗೇ ಹೇಳಿದೆ. "ನೀನು ಇಷ್ಟ್ ದಿನದಿಂದ ಒಂದ್ ಮಾತೂ ಆಡಿಲ್ಲ. ಈಗ್ಲಾದ್ರೂ ಹೇಳು."

"ನಾನೇನ್ ಹೊಸದಾಗಿ ಹೇಳ್ಲಿ" ಎಂದಳು ರತ್ನಮ್ಮ. "ಮದ್ವೆ ಆದಾಗಿಂದ ಹಿಂದೆ ಕೂತ್ಕೊಂಡು ಹೇಳ್ತಾನೇ ಇದೀನಲ್ಲ. ನೀವು ಆ ಕಡೆ ತಿರುಗಿದಾಗ ನಾನ್ ಈ ಕಡೆ ನೋಡ್ತೀನಿ. ಹಂಪು ಬಂದ್ರೆ, ಕುರಿ ಬಂದ್ರೆ, ನಿಮ್ ಭುಜ ತಟ್ಟಲ್ವಾ ನಾನು? ಒಬ್ರೇ ಹೋದ್ರೆ ಯಾರ್ ತಟ್ತಾರೆ?"

"ಅದು... ಹಂಪು ಬಂತು ಅಂತ ತಟ್ತಿದ್ದಾ?"

"ಮತ್ತಿನ್ಯಾತಕ್ಕೆ?"

ಅದು ಪ್ರೀತಿಗೆ ತಟ್ಟುವುದೆಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಅದು ಮುಖದ ಮೇಲೆ ಕಂಡಿರಬೇಕು. ಅವಳು ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯೋ ನಿಮ್ಮ! ಅದಕ್ಕೇನಾ ತಟ್ದಾಗೆಲ್ಲ ಹಿಂದಕ್ ತಿರುಗಿ ನಗ್ತಿದ್ದಿದ್ದು? ನನ್ ಜೀವ ಬಾಯಿಗ್ ಬರೋದು!"

ಸಂಜೆ ನಾರಾಯಣಸ್ವಾಮಿ ಬಂದ. ಜೊತೆಗೆ ಪಾಪಣ್ಣ ಎಂಬುವರು, ಮುಳಬಾಗಿಲಿನ ಕಡೆಯ ಒಂದು ಹಾಲಿನ ಸೊಸೈಟಿಯ ಕಾರ್ಯದರ್ಶಿ. ಪಾಪಣ್ಣ ಬೈಕಿನ ಸುತ್ತ ಎರಡು ಸಲ ತಿರುಗಿದರು. ಚೈನು ಮುಟ್ಟಿ ನೋಡಿದರು, ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿದರು. ಆದರೂ ಅವರಿಗೆ ಏನೋ ಅನುಮಾನ ಉಳಿಯಿತು.

"ಇಷ್ಟ್ ಚೆನ್ನಾಗ್ ಇಟ್ಕೊಂಡಿದೀರಾ. ಯಾಕ್ ಸಾರ್ ಕೊಡ್ತಿದೀರಾ? ಬಿದ್ದಾಗ ಏನಾದ್ರೂ ದೋಷ ಉಳ್ಕೊಂಡಿದ್ಯಾ? ಹ್ಯಾಂಡ್ಲು ಒಂದ್ ಕಡೆ ಎಳೆಯುತ್ತಾ?"

"ಹ್ಯಾಂಡ್ಲು ನೆಟ್ಟಗಿದೆ" ಎಂದೆ. "ಎಳೆಯೋದು ನನ್ ಕುತ್ತಿಗೆ. ಹಸು ಕಂಡ್ ಕಡೆ ಎಳ್ಕೊಂಡ್ ಹೋಗುತ್ತೆ."

ಭಾಮೈದ ನನ್ನ ಮುಖ ನೋಡಿದ. ನಾನು ಕೊಡುವುದಿಲ್ಲ ಎನ್ನುತ್ತೇನೆಂದು ತಯಾರಾಗಿ ಬಂದಿದ್ದ, ವಾದಕ್ಕೆ ಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದನಂತೆ. ಒಂದನ್ನೂ ಆಡಲು ಸಿಗಲಿಲ್ಲವೆಂದು ಕಾಫಿ ಕುಡಿಯುವಾಗಲೂ ಪೆಚ್ಚಾಗಿದ್ದ. ವ್ಯಾಪಾರದ ಮಾತನ್ನು ಅವನಿಗೇ ಬಿಟ್ಟೆ. ಪಾಪಣ್ಣ ಹೊರಡುವಾಗ ನಾನು ಹೇಳಿದ್ದು ಇಷ್ಟೇ: ಈ ಗಾಡಿಗೆ ಬ್ರೇಕು ಚೆನ್ನಾಗಿದೆ, ಏನಾದರೂ ನೋಡಬೇಕೆನಿಸಿದರೆ ನಿಲ್ಲಿಸಿ ನೋಡಿ. ಹೊಸದಾಗಿ ಕೆಲಸಕ್ಕೆ ಬರುವವರಿಗೂ ನಾನು ಹೇಳುವುದು ಇದೇ. ಓಡುತ್ತಾ ನೋಡುವುದು ನಮ್ಮ ಕಾಲದ ಖಾಲಿ ರಸ್ತೆಗಳಿಗೆ ಸರಿಯಾಗಿತ್ತು, ಅದೂ ಹಿಂದೆ ಒಬ್ಬರು ಕೂತಿದ್ದಾಗ. ಈಗ ನಿಲ್ಲಿಸಿ ನೋಡಿ. ಹಸು ಎಲ್ಲಿಗೂ ಹೋಗುವುದಿಲ್ಲ.

ಬೈಕು ಗಲ್ಲಿಯ ತುದಿಯಲ್ಲಿ ತಿರುಗಿದ್ದನ್ನು ನೋಡಿಕೊಂಡು ನಿಂತಿದ್ದೆ. ಒಳಗೆ ಬಂದು ಶಿಲ್ಪಾಗೆ ಫೋನು ಮಾಡಿದೆ. ಟೇಕಲ್ ಕಡೆ ಒಂದು ಕಡಸು ಎಷ್ಟು ಸಲ ಸೂಜಿ ಹಾಕಿದರೂ ಗಬ್ಬ ನಿಲ್ಲುತ್ತಿಲ್ಲ, ಒಂದು ಸಲ ನೋಡಿ ಎಂದು ಅವಳು ಮೊನ್ನೆಯಿಂದ ಕರೆಯುತ್ತಿದ್ದಳು.

"ಬೈಕ್ ಕೊಟ್ಬಿಟ್ಟೆ ಕಣಮ್ಮ. ಇನ್ ನಿನ್ ಜೊತೆ ಬರೋದು ಹ್ಯಾಗೆ ಅಂತ..."

"ಹ್ಯಾಗೆ ಅಂದ್ರೆ? ನನ್ ಸ್ಕೂಟರ್ ಇಲ್ವಾ ಸಾರ್? ಬೆಳಿಗ್ಗೆ ಮನೆ ಹತ್ರ ಬರ್ತೀನಿ, ಹಿಂದೆ ಕೂತ್ಕೊಳ್ಳಿ. ಕ್ಯಾನ್ ಮುಂದೆ ಇಟ್ಕೋತೀನಿ."

"ನಾನ್ ಸುಮ್ನೆ ಕೂರಲ್ಲಮ್ಮ. ಆ ಕಡೆ ಈ ಕಡೆ ನೋಡ್ತೀನಿ, ಬಾಯಿಗ್ ಬಂದಿದ್ ಹೇಳ್ತೀನಿ."

"ಹೇಳಿ ಸಾರ್, ನಿಮ್ ಬಾಯಿಂದ ಕೇಳಿ ಕಲ್ತಂಗೂ ಆಗುತ್ತೆ. ಆದ್ರೆ ನಾನ್ ತಿರುಗಿ ನೋಡಲ್ಲ. ಸ್ಕೂಟರ್ ಕಂತು ಇನ್ನೂ ಕಟ್ತಾ ಇದೀನಿ."

ಜಾಣೆ. ಈ ಕೆಲಸದಲ್ಲಿ ಉಳಿಯುತ್ತಾಳೆ.

ರಾತ್ರಿಗೆ ಬೆರಕೆ ಸೊಪ್ಪಿನ ಮಸ್ಸೊಪ್ಪು, ಬಿಸಿ ರಾಗಿಮುದ್ದೆ, ಸುಟ್ಟ ಹಪ್ಪಳ. ಭಾಮೈದ ಉಳಿದುಕೊಂಡಿದ್ದರಿಂದ ಒಂದಿಷ್ಟು ಅನ್ನ, ಕೆನೆಮೊಸರು. ಅವನು ಎರಡು ಮುದ್ದೆ ಉಂಡು, ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಟಿವಿ ಮುಂದೆ ಕೂತ. ನಾನು ಬಿದ್ದಂದಿನಿಂದ ರತ್ನಮ್ಮ ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದಳು. ನಾನು ಮಗ್ಗುಲು ಬದಲಿಸಿದರೂ ಏನು ಬೇಕೆಂದು ಕೇಳುತ್ತಿದ್ದಳು. ಇವತ್ತು ಪಾತ್ರೆ ತೊಳೆದು, ಹೆಪ್ಪು ಹಾಕಿ, ಒಂದು ಗಳಿಗೆ ಸೊಂಟ ಚಾಚುತ್ತೇನೆಂದು ಒಳಗೆ ಹೋದವಳು ದೀಪ ಆರಿಸುವುದನ್ನೂ ಮರೆತಿದ್ದಳು. ನಾನು ಹೋಗಿ ನೋಡಿದರೆ ಆಗಲೇ ಗೊರಕೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.